ಕೊಳಗ, ಹಗ್ಗ, ಪಾಸ್ ಪುಸ್ತಕ: ಬಾಡಿಗೆಗೆ ಸಿಗುವ ಇತಿಹಾಸ ಪೆಟ್ಟಿಗೆಯನ್ನು ಶಾಲೆಗೆ ತರಿಸಬಹುದೇ?

ಶಿವಮೊಗ್ಗದಲ್ಲಿ ಬಾಡಿಗೆಗೆ ಸಿಗುತ್ತಿರುವ ಈ ಪೆಟ್ಟಿಗೆ ಎಂಟರಿಂದ ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುವವರಿಗೆಂದು ಮಾಡಿದ್ದು. ಬಣ್ಣ ಮತ್ತು ಹುಟ್ಟು ನೋಡಿ ಮನುಷ್ಯರನ್ನು ತುಳಿದ ಚರಿತ್ರೆ, ವಸಾಹತು ಆಳ್ವಿಕೆಯನ್ನು ಎದುರಿಸಿದ ಜನರ ಚರಿತ್ರೆ ಇದರ ವಿಷಯ. ಹದಿನಾಲ್ಕು ದಿನಕ್ಕೆ 850 ರೂಪಾಯಿ ಬಾಡಿಗೆ, 2,000 ರೂಪಾಯಿ ಠೇವಣಿ. ತೂಕ ಹನ್ನೊಂದು ಕೆ.ಜಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗೆ ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸುತ್ತಾರೆ. ಮುಚ್ಚಳ ತೆಗೆದರೆ 64 ಕಾರ್ಡು, ಬಟ್ಟೆಯ ಮೇಲೆ ಮುದ್ರಿಸಿದ ಮೂರು ನಕ್ಷೆ, ಹನ್ನೆರಡು ಮೀಟರ್ ಹಗ್ಗ, ತಗಡಿನ ಎರಡು ಕೊಳಗ, ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನ ಓಡಾಡಲು ಜೊತೆಗಿಟ್ಟುಕೊಳ್ಳಬೇಕಿದ್ದ ಪಾಸ್ ಪುಸ್ತಕದ ಹತ್ತು ನಕಲು, ಶಿಕ್ಷಕರ ಕೈಪಿಡಿ, ಒಂದು ಪೆನ್ ಡ್ರೈವ್.

ತರಿಸಿಕೊಳ್ಳಿ ಎಂದೇ ನಮ್ಮ ಸಲಹೆ. ಆದರೆ ಬಂದ ದಿನವೇ ಆರು ಕಾರ್ಡು ತೆಗೆದು ಬೀರುವಿನಲ್ಲಿಡಿ, ಒಂದು ನಕ್ಷೆಯನ್ನು ಸರಿಪಡಿಸಿಕೊಳ್ಳಿ, ಕೈಪಿಡಿಯ ಒಂದು ಶಬ್ದವನ್ನು ಬಿಡಿಸಿ ಹೇಳಲು ಅರ್ಧ ಪಿರಿಯಡ್ ಮೀಸಲಿಡಿ. ಯಾಕೆ ಎಂಬುದನ್ನು ಮುಂದೆ ಹೇಳಿದ್ದೇವೆ.

ಪೆಟ್ಟಿಗೆಯಲ್ಲಿ ಅತಿ ಚೆನ್ನಾಗಿ ಕೆಲಸ ಮಾಡುವುದು ಆ ಎರಡು ಕೊಳಗ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರ ಏಪ್ರಿಲ್ 18ರಂದು ಗೇಣಿದಾರರ ಸತ್ಯಾಗ್ರಹ ಶುರುವಾದದ್ದಕ್ಕೆ ಒಂದು ಮುಖ್ಯ ಕಾರಣ ಗೇಣಿಯ ಬತ್ತ ಅಳೆಯುವ ಕೊಳಗ. ಒಡೆಯರ ಮನೆಯ ಕೊಳಗ ನಿಗದಿಯಾದ ಅಳತೆಗಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಎಚ್. ಗಣಪತಿಯಪ್ಪ ಸಂಘಟಿಸಿದ ಆ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡರು ನಿಂತರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಪೆಟ್ಟಿಗೆಯ ಒಂದು ಕೊಳಗ ಮೂರು ಲೀಟರಿನದು, ಇನ್ನೊಂದು ಮೂರೂವರೆ ಲೀಟರಿನದು. ಎರಡೂ ಒಂದೇ ಎತ್ತರ. ವ್ಯಾಸದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ, ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಇದು ಕಾಗೋಡಿನ ಅಸಲು ಅಳತೆಯಲ್ಲ, ಪಾಠಕ್ಕೆ ಮಾಡಿದ ಮಾದರಿ ಎಂದು ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳಿಗೂ ಅದನ್ನು ಮೊದಲೇ ಹೇಳಬೇಕು.

ಪ್ರಯೋಗಕ್ಕೆ ನೂರ ಮೂವತ್ತು ಲೀಟರ್ ಆಗುವಷ್ಟು ಬತ್ತ ಬೇಕು. ಊರಿನ ಮಿಲ್ಲಿನಿಂದ ಎರಡು ಚೀಲ ಕಡ ತಂದರೆ ಸಾಕು. ಉಮಿ ಬಳಸಬಹುದು ಎಂದು ಕೈಪಿಡಿಯಲ್ಲಿದೆ, ಬಳಸಬೇಡಿ. ಉಮಿ ಒತ್ತಿದಷ್ಟೂ ಕುಗ್ಗುತ್ತದೆ, ಲೆಕ್ಕ ತಪ್ಪುತ್ತದೆ, ಕ್ಲಾಸೆಲ್ಲ ದೂಳು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದು ಗುಂಪು ಸಣ್ಣ ಕೊಳಗದಲ್ಲಿ ಖಂಡುಗ ಅಳೆಯಲಿ, ಇನ್ನೊಂದು ದೊಡ್ಡದರಲ್ಲಿ. ಎರಡೂ ಗುಂಪು ನೋಟ್‌ಬುಕ್ಕಿನಲ್ಲಿ ‘ಒಂದು ಖಂಡುಗ’ ಎಂದೇ ಬರೆಯುತ್ತವೆ. ಆಮೇಲೆ ಎರಡೂ ರಾಶಿಯನ್ನು ಲೀಟರ್ ಮಾಪಕದಲ್ಲಿ ಅಳೆಸಿ: ಒಂದು 60, ಇನ್ನೊಂದು 70. ಬರಹದಲ್ಲಿ ಒಂದೇ, ರಾಶಿಯಲ್ಲಿ ಹತ್ತು ಲೀಟರ್ ಹೆಚ್ಚು. ಹತ್ತು ಖಂಡುಗ ಗೇಣಿ ಕೊಡುವ ಮನೆಗೆ ವರ್ಷಕ್ಕೆ ಎಷ್ಟು ಎಂದು ಕೇಳಿದರೆ ಮಕ್ಕಳೇ ನೂರು ಎನ್ನುತ್ತಾರೆ. ಇಲ್ಲಿ ಕೆಡುವುದು ತಲೆ ಅಳತೆಯಲ್ಲಿ. ಕೋಲಿನಿಂದ ಬಾಯಿಮಟ್ಟಕ್ಕೆ ಸವರದೆ ಗೋಪುರ ಕಟ್ಟಿ ಅಳೆದರೆ ಸಣ್ಣ ಕೊಳಗವೂ ಮೂರೂವರೆ ಲೀಟರ್ ಆಗಿಬಿಡುತ್ತದೆ. ಇದನ್ನು ತಪ್ಪೆಂದು ಬಿಡಬೇಡಿ. ಪಾತ್ರೆ ಬದಲಿಸದೆಯೂ ಅಳೆಯುವವನ ಕೈ ಹೇಗೆ ಮೋಸ ಮಾಡಬಹುದು ಎಂದು ತೋರಿಸಲು ಇನ್ನೊಂದು ಸಲ ಬೇಕೆಂದೇ ಗೋಪುರ ಕಟ್ಟಿಸಿ.

1951 ಎಂದರೆ ಸ್ವಾತಂತ್ರ್ಯ ಬಂದು ನಾಲ್ಕು ವರ್ಷ. ಹಾಗಾದರೆ ವಸಾಹತು ವಿರೋಧದ ಪೆಟ್ಟಿಗೆಯಲ್ಲಿ ಕಾಗೋಡು ಯಾಕೆ ಎಂದು ಒಬ್ಬರಾದರೂ ಕೇಳುತ್ತಾರೆ. ಆ ಪ್ರಶ್ನೆಗಾಗಿಯೇ ಇದನ್ನು ಮೊದಲ ಪಿರಿಯಡ್‌ಗೆ ಇಡಬೇಕು. ಕೈಪಿಡಿ ಐದನೆಯದಕ್ಕೆ ಇಟ್ಟಿದೆ, ಅಷ್ಟು ಹೊತ್ತಿಗೆ ತಡ.

ಹಗ್ಗ ಕಾಲರೇಖೆಗೆ. 1780ರಿಂದ 2000ದವರೆಗೆ, ಮೀಟರಿಗೆ ಇಪ್ಪತ್ತು ವರ್ಷ, ಅಂದರೆ ವರ್ಷಕ್ಕೆ ಐದು ಸೆಂಟಿಮೀಟರ್. ಫ್ರಾನ್ಸಿನ ವಸಾಹತಾಗಿದ್ದ ಹೈಟಿಯ ಗುಲಾಮರು ದಂಗೆಯೆದ್ದ 1791 ಶುರುವಿನಿಂದ 55 ಸೆಂಟಿಮೀಟರಿಗೆ ಬರುತ್ತದೆ, ಶಿಕಾರಿಪುರ ತಾಲೂಕಿನ ಈಸೂರು ದಂಗೆಯೆದ್ದ 1942 ಎಂಟು ಮೀಟರ್ ಹತ್ತು ಸೆಂಟಿಮೀಟರಿಗೆ, ದಕ್ಷಿಣ ಆಫ್ರಿಕಾದಲ್ಲಿ ಎಲ್ಲರೂ ಮತ ಹಾಕಿದ 1994 ಹತ್ತು ಮೀಟರ್ ಎಪ್ಪತ್ತಕ್ಕೆ. ಹನ್ನೊಂದು ಮೀಟರ್ ಉದ್ದದ ಕ್ಲಾಸ್ ರೂಮು ನಮ್ಮ ಕಡೆ ಇರುವುದಿಲ್ಲ, ಜಗಲಿಯ ಕಂಬಗಳಿಗೆ ಕಟ್ಟಬೇಕು. ಕಾರ್ಡಿನ ಅಗಲ ಹತ್ತು ಸೆಂಟಿಮೀಟರ್ ಆದ್ದರಿಂದ 1947ರಿಂದ 1960ರ ನಡುವೆ ಒಂದರ ಮೇಲೊಂದು ಬೀಳುತ್ತವೆ: ಭಾರತದ ಸ್ವಾತಂತ್ರ್ಯ, 1948ರಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ತಂದ ಅಪಾರ್ಥೈಡ್ ಎಂಬ ಬಣ್ಣದ ಪ್ರತ್ಯೇಕತೆ, ಕಾಗೋಡು, ಏಷ್ಯಾ, ಆಫ್ರಿಕಾ ದೇಶಗಳ 1955ರ ಬಾಂಡುಂಗ್ ಸಮ್ಮೇಳನ, ಅದೇ ವರ್ಷ ಡಿಸೆಂಬರಿನಲ್ಲಿ ಶುರುವಾದ ಅಮೆರಿಕದ ಮಾಂಟ್‌ಗಾಮರಿ ಬಸ್ ಬಹಿಷ್ಕಾರ, 1957ರ ಘಾನಾ ಸ್ವಾತಂತ್ರ್ಯ, ದಕ್ಷಿಣ ಆಫ್ರಿಕಾದ 1960ರ ಶಾರ್ಪ್‌ವಿಲ್ ಗೋಲಿಬಾರು. ದಾರ ಕಟ್ಟಿ ಎರಡು ಮೂರು ಎತ್ತರದಲ್ಲಿ ತೂಗುಬಿಡಿ. ಆ ಗಿಜಿಗಿಜಿಯನ್ನು ದೂರ ನಿಂತು ನೋಡಿಸಿ. ಹದಿಮೂರು ವರ್ಷದಲ್ಲಿ ಮೂರು ಖಂಡಗಳಲ್ಲಿ ಜನ ಒಟ್ಟಿಗೆ ಎದ್ದಿದ್ದು ಕಣ್ಣಿಗೇ ಕಾಣುತ್ತದೆ. ಹಗ್ಗ ಹತ್ತಿಯದು. ಮಳೆಗಾಲದಲ್ಲಿ ತೇವ ಹೀರಿ ಬಿಗಿಯುತ್ತದೆ, ಗುರುತುಗಳು ಸರಿಯುತ್ತವೆ. ಪ್ರತಿ ಸಲ ಟೇಪು ಹಿಡಿದು ಎರಡು ತುದಿ ನೋಡಿಕೊಳ್ಳಬೇಕು.

ಮಾಂಟ್‌ಗಾಮರಿಯ ನಾಲ್ಕು ಕಾರ್ಡುಗಳನ್ನು ಬಹಳ ಮುತುವರ್ಜಿಯಿಂದ ಮಾಡಿದ್ದಾರೆ. ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ ಎಂಬಲ್ಲಿಗೆ ನಿಲ್ಲಿಸದೆ, 381 ದಿನ ಬಸ್ಸು ಹತ್ತದೆ ಊರು ಹೇಗೆ ಕೆಲಸಕ್ಕೆ ಹೋಯಿತು ಎಂಬುದನ್ನು ಹೇಳುತ್ತವೆ: ಜೋ ಆನ್ ರಾಬಿನ್ಸನ್ ಮತ್ತು ಜೊತೆಗಾರರು ಒಂದೇ ರಾತ್ರಿ ಹತ್ತಾರು ಸಾವಿರ ಕರಪತ್ರ ತೆಗೆದದ್ದು, ಹಂಚಿಕೊಂಡು ಓಡಿಸಿದ ಕಾರುಗಳು, ನಡೆದೇ ಹೋದವರು. ಬಸ್ ಪಾಸ್ ಹಿಡಿದು ಬೆಳಗಿನ ಒಂದೇ ಬಸ್ಸಿಗೆ ಕಾಯುವ ಮಕ್ಕಳಿಗೆ ಇದರ ತೂಕವನ್ನು ಯಾರೂ ವಿವರಿಸಬೇಕಿಲ್ಲ.

ಈಗ ತಪ್ಪುಗಳು. ‘ಬ್ರಿಟಿಷ್ ಆಳ್ವಿಕೆಯ ಕರ್ನಾಟಕ’ ಎಂಬ ನಕ್ಷೆ ಇಡೀ ಇಂದಿನ ಕರ್ನಾಟಕಕ್ಕೆ ಒಂದೇ ಕೆಂಪು ಬಳಿದಿದೆ. ಸಾಗರ, ಶಿಕಾರಿಪುರ, ತೀರ್ಥಹಳ್ಳಿ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಘಟ್ಟ ಇಳಿದು ಹೊನ್ನಾವರಕ್ಕೆ ಹೋದರೆ ಅದು 1862ರಿಂದ ಮುಂಬಯಿ ಪ್ರಾಂತ. ದಕ್ಷಿಣ ಕನ್ನಡ, ಬಳ್ಳಾರಿ ಮದರಾಸಿಗೆ, ಕಲಬುರಗಿ ನಿಜಾಮನಿಗೆ, ಕೊಡಗು ಬೇರೆಯೇ. ಇದನ್ನು ಬಿಟ್ಟರೆ ಈಸೂರು ಅರ್ಥವಾಗುವುದಿಲ್ಲ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದಲ್ಲಿ ಜನರ ಎದುರಿಗಿದ್ದದ್ದು ನೇರ ಬ್ರಿಟಿಷ್ ಸರ್ಕಾರ. 1942ರ ಸೆಪ್ಟೆಂಬರಿನಲ್ಲಿ ಈಸೂರಿನವರು ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ತಮ್ಮದೇ ಸರ್ಕಾರ ಸಾರಿ, ಬಾಲಕ ಜಯಣ್ಣನನ್ನು ಅಮಲ್ದಾರನನ್ನಾಗಿ (ಈಗಿನ ತಹಶೀಲ್ದಾರ), ಮಲ್ಲಪ್ಪನನ್ನು ಸಬ್ ಇನ್‌ಸ್ಪೆಕ್ಟರನ್ನಾಗಿ ಮಾಡಿದಾಗ ಎದುರಿಗೆ ಬಂದವರು ಮೈಸೂರು ಸಂಸ್ಥಾನದ ಅಧಿಕಾರಿಗಳು, ಕನ್ನಡ ಮಾತಾಡುವವರು. ಪೆಟ್ಟಿಗೆಯ ಕಾರ್ಡಿನಲ್ಲಿ ಮಾತ್ರ ಕೆಂಪು ಕೋಟಿನ ಬಿಳಿಯ ಸಿಪಾಯಿಗಳ ಚಿತ್ರ. ಘರ್ಷಣೆಯಲ್ಲಿ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರೆಂಬುದನ್ನೂ ಕಾರ್ಡು ನುಂಗಿದೆ. ಅದನ್ನು ಹೇಳದೆ 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು ಎಂದರೆ, ಹತ್ತನೇ ತರಗತಿಯ ಮಕ್ಕಳು ‘ಯಾವ ಆರೋಪದ ಮೇಲೆ?’ ಎಂದು ಕೇಳೇ ಕೇಳುತ್ತಾರೆ. ಉತ್ತರ ಮುಚ್ಚಿಟ್ಟ ಮೇಷ್ಟರ ಮಾತನ್ನು ಮುಂದೆ ನಂಬುವುದಿಲ್ಲ. ಇಡೀ ಘಟನೆ ಹೇಳಿ: ಹಳ್ಳಿಯ ಸಿಟ್ಟು, ಎರಡು ಸಾವು, ಆಮೇಲೆ ಊರಿನ ಮೇಲೆ ಬಿದ್ದ ಪೊಲೀಸ್ ಪಡೆ, ಹೆಂಗಸರಿಗೂ ಬಿದ್ದ ಜೀವಾವಧಿ ಶಿಕ್ಷೆ, ಐದು ನೇಣು. ಈಸೂರು ಇದರಿಂದ ಸಣ್ಣದಾಗುವುದಿಲ್ಲ.

1830ರಲ್ಲಿ ನಗರ (ಬಿದನೂರು) ಸೀಮೆಯಲ್ಲಿ ನಡೆದ ದಂಗೆಯ ಕಾರ್ಡಿಗೂ ಇದೇ ರೋಗ. ರೈತರು ಕೂಟ ಸೇರಿದ್ದು ಮೈಸೂರು ಅರಸರ ಕಂದಾಯ ವಸೂಲಿ ಮತ್ತು ಅಧಿಕಾರಿಗಳ ದಬ್ಬಾಳಿಕೆಯ ವಿರುದ್ಧ. ಬೂದಿ ಬಸವಪ್ಪ ಕೆಳದಿ ವಂಶದ ಹೆಸರು ಹೇಳಿಕೊಂಡು ಅದರ ಮುಂದೆ ನಿಂತ. ದಂಗೆ ಅಡಗಿಸಲು ಬ್ರಿಟಿಷ್ ಸೇನೆ ಬಂತು. ಅದೇ ನೆಪದಲ್ಲಿ 1831ರಲ್ಲಿ ಸಂಸ್ಥಾನದ ಆಡಳಿತವನ್ನೇ ಬ್ರಿಟಿಷರು ಕೈಗೆ ತೆಗೆದುಕೊಂಡು 1881ರವರೆಗೆ ಬಿಡಲಿಲ್ಲ. ಇದನ್ನು ‘ಬ್ರಿಟಿಷರ ವಿರುದ್ಧ ಮಲೆನಾಡಿನ ಮೊದಲ ಸ್ವಾತಂತ್ರ್ಯ ಸಂಗ್ರಾಮ’ ಎಂದು ಕಾರ್ಡು ಕರೆದಿದೆ. ಸ್ಥಳೀಯ ಅರಸನ ಮೂಲಕ ವಸಾಹತುಶಾಹಿ ಹೇಗೆ ನಡೆಯುತ್ತಿತ್ತು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿಲ್ಲ. ಹಾಗಾಗಿ ಆ ತಲೆಬರಹದ ಮೇಲೆ ಚೀಟಿ ಅಂಟಿಸಿ. ನಕ್ಷೆಯ ಬಟ್ಟೆಯ ಮೇಲೆ ಮಾತ್ರ ಬರೆಯಬೇಡಿ, ಕಲೆಯಾದರೆ ಠೇವಣಿಯಲ್ಲಿ 300 ರೂಪಾಯಿ ಮುರಿಯುತ್ತಾರೆ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಡಿಗಳನ್ನು ಸ್ಕೆಚ್ ಪೆನ್ನಿನಲ್ಲಿ ಎಳೆದರೆ ಆಯಿತು.

ಅರ್ಧ ಪಿರಿಯಡ್ ಬೇಡುವ ಶಬ್ದ ‘ಜನಾಂಗ’. ಕೈಪಿಡಿಯ ಉದ್ದಕ್ಕೂ ‘ಜನಾಂಗೀಯ ತಾರತಮ್ಯ’ ಎಂದಿದೆ. ನಮ್ಮ ಕಡೆ ಜನಾಂಗ ಎಂದರೆ ಜಾತಿ. ‘ನಮ್ಮ ಜನಾಂಗದ ಹಾಸ್ಟೆಲ್ಲು’, ‘ಹಿಂದುಳಿದ ಜನಾಂಗ’ ಎಂದೇ ಮಕ್ಕಳು ದಿನವೂ ಕೇಳುವುದು. ‘ವರ್ಣಭೇದ’ ಎಂದು ಬದಲಿಸಿದರೆ ಚಾತುರ್ವರ್ಣ್ಯ ನೆನಪಾಗುತ್ತದೆ. ಎರಡೂ ಶಬ್ದ ಬಿಟ್ಟು ಓಡುವುದಕ್ಕಿಂತ ಎರಡನ್ನೂ ಬೋರ್ಡಿನ ಮೇಲೆ ಬರೆದು ಬಿಡಿಸುವುದೇ ಸರಿ. ಮನುಷ್ಯರು ಇಂತಿಷ್ಟು ಜನಾಂಗ ಎಂದು ವಿಂಗಡಿಸಲು ಜೀವಶಾಸ್ತ್ರದಲ್ಲಿ ಆಧಾರವಿಲ್ಲ, ಗುಲಾಮಗಿರಿ ಮತ್ತು ಸಾಮ್ರಾಜ್ಯ ನಡೆಸಿದವರು ಆ ವಿಂಗಡಣೆಯನ್ನು ಗಟ್ಟಿ ಮಾಡಿದರು ಎಂದು ಮೊದಲು ಹೇಳಿ. ಆಮೇಲೆ 37ನೇ ಕಾರ್ಡು ತೆಗೆಯಿರಿ. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ ಮೂಗಿನ ಅಗಲ, ಉದ್ದ ಅಳೆದು ಜಾತಿಗಳ ಮೇಲುಕೀಳನ್ನು ವಿವರಿಸಹೊರಟದ್ದು ಅದರಲ್ಲಿದೆ. ಎರಡು ಮೇಲುಕೀಳುಗಳು ಎಲ್ಲಿ ಕೂಡಿದವು ಎಂದು ಮಕ್ಕಳಿಗೆ ಅಲ್ಲಿ ಹಿಡಿ ಸಿಗುತ್ತದೆ. ಸ್ಕೇಲಿನಲ್ಲಿ ಮೂಗು ಅಳೆಯಲು ಯಾರಿಗೂ ಬಿಡಬೇಡಿ.

ಜಾತಿಗೂ ಬಣ್ಣದ ತಾರತಮ್ಯಕ್ಕೂ ನಡುವೆ ಹೋರಾಟಗಾರರೇ ಕಟ್ಟಿದ ಸೇತುವೆಗಳ ಕಾರ್ಡುಗಳು ಒಳ್ಳೆಯವು. ಜ್ಯೋತಿಬಾ ಫುಲೆ 1873ರ ‘ಗುಲಾಮಗಿರಿ’ಯನ್ನು ಅಮೆರಿಕದಲ್ಲಿ ಗುಲಾಮಗಿರಿ ತೊಲಗಿಸಿದವರಿಗೆ ಅರ್ಪಿಸಿದ್ದು, 1946ರಲ್ಲಿ ಅಂಬೇಡ್ಕರರು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದದ್ದು, 1972ರಲ್ಲಿ ಮುಂಬಯಿಯ ತರುಣರು ಅಮೆರಿಕದ ಕಪ್ಪು ಹೋರಾಟಗಾರರ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರಿನಿಂದ ದಲಿತ ಪ್ಯಾಂಥರ್ ಕಟ್ಟಿದ್ದು ಇವೆ. ಆದರೆ ಸೇತುವೆ ಮುಂಬಯಿಯಲ್ಲೇ ನಿಂತಿದೆ. ದಲಿತ ಸಂಘರ್ಷ ಸಮಿತಿ ಬೇರೂರಿದ್ದು ಭದ್ರಾವತಿಯಲ್ಲಿ, ಅಲ್ಲಿ ಕನ್ನಡ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರಿಂದ. ಶಿವಮೊಗ್ಗದಲ್ಲೇ ತಯಾರಾದ ಪೆಟ್ಟಿಗೆಯಲ್ಲಿ ಅವರ ಹೆಸರಿಲ್ಲದಿರುವುದು ನಮಗೆ ನೋವಿನ ಸಂಗತಿ. ಒಂದು ಕಾರ್ಡು ನೀವೇ ಬರೆದು ಸೇರಿಸಿ.

ಗಾಂಧೀಜಿಯವರ ಕಾರ್ಡುಗಳಲ್ಲಿ ಧೈರ್ಯವಿದೆ. 1893ರ ಜೂನ್ 7ರಂದು ಪೀಟರ್‌ಮ್ಯಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಸಿದ್ದರ ಪಕ್ಕದಲ್ಲೇ, ಆ ಮೊದಲ ವರ್ಷಗಳಲ್ಲಿ ಡರ್ಬನ್ ಅಂಚೆ ಕಚೇರಿಯಲ್ಲಿ ಭಾರತೀಯರಿಗೆ ಆಫ್ರಿಕನ್ನರಿಂದ ಬೇರೆಯಾದ ಬಾಗಿಲು ಕೇಳಿ ಪಡೆದದ್ದನ್ನೂ ಇಟ್ಟಿದ್ದಾರೆ. ಎರಡನ್ನೂ ಒಂದೇ ಪಿರಿಯಡ್‌ನಲ್ಲಿ ಓದಿಸಬೇಕು. ಮೊದಲನೆಯದನ್ನು ಸೋಮವಾರ, ಎರಡನೆಯದನ್ನು ಗುರುವಾರ ಮಾಡಿದರೆ ಎರಡನೆಯದು ಬರಿಯ ಆಪಾದನೆಯಂತೆ ಕೇಳಿಸುತ್ತದೆ.

ಪಾಸ್ ಪುಸ್ತಕದ ನಕಲುಗಳು ಅಚ್ಚುಕಟ್ಟು: ಫೋಟೋ, ತಿಂಗಳು ತಿಂಗಳು ಮಾಲೀಕ ಹಾಕುವ ಸಹಿ, ತೆರಿಗೆ ರಸೀದಿ, ಯಾವ ಊರಲ್ಲಿ ಇರಬಹುದು ಎಂಬ ಮೊಹರು. ಪರವಾನಗಿ ಇಲ್ಲದೆ ಪಟ್ಟಣದಲ್ಲಿ 72 ಗಂಟೆ ಮೀರುವಂತಿರಲಿಲ್ಲ. ಇದರ ವಿರುದ್ಧ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು, ಹಲವರಿಗೆ ಗುಂಡು ಬಿದ್ದದ್ದು ಬೆನ್ನಿಗೆ. ಕೈಪಿಡಿ ಹೇಳುವಂತೆ ಕೆಲವರನ್ನು ಪೊಲೀಸರನ್ನಾಗಿ ಮಾಡಿ ಬಾಗಿಲಲ್ಲಿ ತಪಾಸಣೆ ಮಾಡಿಸಿದರೆ ಎರಡೇ ನಿಮಿಷಕ್ಕೆ ನಗು, ನೂಕಾಟ. ದಂಡ ಹಿಡಿದ ಹುಡುಗನಿಗೆ ಅದು ಮಜಾ. ಪೊಲೀಸ್ ಪಾತ್ರ ತೆಗೆದುಬಿಡಿ. ಬದಲಿಗೆ ನಿನ್ನೆ ಬೆಳಗಿನಿಂದ ರಾತ್ರಿವರೆಗೆ ತಾವು ಎಲ್ಲೆಲ್ಲಿಗೆ ಹೋದೆವು ಎಂದು ಪ್ರತಿಯೊಬ್ಬರೂ ಬರೆಯಲಿ: ಅಂಗಡಿ, ಅಜ್ಜಿ ಮನೆ, ಬಸ್ ಸ್ಟ್ಯಾಂಡು. ಆಮೇಲೆ ಪಾಸ್ ಪುಸ್ತಕದ ನಿಯಮ ಓದಿ, ತಡೆ ಬೀಳುವ ಜಾಗಗಳಿಗೆ ಅಡ್ಡಗೆರೆ ಹಾಕಲಿ. ಕ್ಲಾಸು ತಾನಾಗಿ ಸುಮ್ಮನಾಗುತ್ತದೆ.

ಅದರ ಜೊತೆ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಸೇರಿಸಿ. ಹುಟ್ಟಿನಿಂದಲೇ ಇಡೀ ಸಮುದಾಯವನ್ನು ಅಪರಾಧಿ ಎಂದು ನೋಂದಾಯಿಸಿ, ಹಾಜರಿ ಕೂಗಿ, ಪಾಸಿಲ್ಲದೆ ಊರು ಬಿಡದಂತೆ ಮಾಡಿದ ಕಾಯ್ದೆ ಅದು. 1952ರಲ್ಲಿ ರದ್ದಾಯಿತು, ‘ವಿಮುಕ್ತ’ ಎಂಬ ಮಾತು ಬಂದದ್ದು ಹಾಗೆ. ಆ ಪಟ್ಟಿಗೆ ಸೇರಿಸಿದ್ದ ಸಮುದಾಯಗಳ ಮಕ್ಕಳು ನಿಮ್ಮ ಮುಂದೆಯೇ ಕೂತಿರಬಹುದು. ಸಮುದಾಯಗಳ ಹೆಸರು ಓದಿ ಹೇಳಬೇಡಿ, ಯಾರ ಕಡೆಗೂ ನೋಡಬೇಡಿ, ಕಾಯ್ದೆಯ ಕಲಮುಗಳನ್ನಷ್ಟೇ ಓದಿ. ಆ ಮಕ್ಕಳಲ್ಲಿ ಯಾರಾದರೂ ತಾವಾಗಿ ಮಾತಾಡಿದರೆ ಪಾಠ ನಿಲ್ಲಿಸಿ ಕೇಳಿ.

ಬೀರುವಿಗೆ ಹೋಗಬೇಕಾದ ಆರು ಕಾರ್ಡು 21ರಿಂದ 26. ಮಕ್ಕಳನ್ನು ನೆಲದ ಮೇಲೆ ಸೀಮೆಸುಣ್ಣದ ಗೆರೆಯೊಳಗೆ ಒತ್ತಾಗಿ ಮಲಗಿಸಿ ಗುಲಾಮರ ಹಡಗು ತೋರಿಸುವುದು, ಬೆಂಚಿನ ಮೇಲೆ ನಿಲ್ಲಿಸಿ ಹರಾಜು ಕೂಗುವುದು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹರಾಜಿಗೆ ನಿಲ್ಲುವವರು ಯಾರು? ಕ್ಲಾಸಿನಲ್ಲಿ ಅತಿ ಕಪ್ಪಗಿರುವ ಮಗು, ಇಲ್ಲವೇ ಎದುರು ಮಾತಾಡದ ಮಗು. ಆವತ್ತು ಬಿದ್ದ ಅಡ್ಡಹೆಸರು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಹೋಗುವುದಿಲ್ಲ. ಅವಮಾನವನ್ನು ಅಭಿನಯಿಸಿ ಯಾರೂ ಅವಮಾನದ ಚರಿತ್ರೆ ಕಲಿಯುವುದಿಲ್ಲ, ನಟಿಸಿದ ಮಗು ಅವಮಾನವನ್ನಷ್ಟೇ ಮನೆಗೆ ಒಯ್ಯುತ್ತದೆ.

ಆ ಪಿರಿಯಡ್‌ಗೆ ಪೆಟ್ಟಿಗೆಯಲ್ಲೇ ಬೇರೆ ಸಾಮಗ್ರಿ ಇದೆ, ಕೈಪಿಡಿ ಅದನ್ನು ಜೋಡಿಸಿಲ್ಲ ಅಷ್ಟೆ. ಬ್ರಿಟನ್ 1833ರಲ್ಲಿ ತನ್ನ ವಸಾಹತುಗಳ ಗುಲಾಮಗಿರಿ ರದ್ದು ಮಾಡಿದಾಗ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಗುಲಾಮರ ಮಾಲೀಕರಿಗೆ. ಬಿಡುಗಡೆಯಾದವರಿಗೆ ಏನೂ ಇಲ್ಲ. 1804ರಲ್ಲಿ ಸ್ವತಂತ್ರವಾದ ಹೈಟಿಯಿಂದ ಫ್ರಾನ್ಸ್ 1825ರಲ್ಲಿ ಹದಿನೈದು ಕೋಟಿ ಫ್ರಾಂಕ್ ಕೇಳಿತು, ಕಳೆದುಕೊಂಡ ತೋಟ ಮತ್ತು ಗುಲಾಮರಿಗೆ ಪರಿಹಾರವೆಂದು. 1838ರಲ್ಲಿ ಅದು ಒಂಬತ್ತು ಕೋಟಿಗೆ ಇಳಿಯಿತು. ಈ ಎರಡು ಕಾರ್ಡು ಓದಿಸಿ, ‘ಪರಿಹಾರ ಯಾರಿಗೆ ಸಿಗಬೇಕಿತ್ತು?’ ಎಂದು ಕೇಳಿ. ಶರಾವತಿ ಮುಳುಗಡೆಯ ಮನೆಗಳಿಂದ ಬಂದ ಮಕ್ಕಳಿಗೆ ‘ಪರಿಹಾರ’ ಎಂಬ ಶಬ್ದ ಅಜ್ಜನ ಬಾಯಿಂದಲೇ ಗೊತ್ತು. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯನ್ನೂ ಗುಲಾಮಗಿರಿಯನ್ನೂ ಒಂದೇ ಎನ್ನಬೇಡಿ, ಒಂದೇ ಅಲ್ಲ. ಪ್ರಶ್ನೆ ಕೇಳುವ ಹಕ್ಕು ಒಂದೇ ಎಂದರೆ ಸಾಕು.

ಸಿದ್ದಿಗಳ ಕಾರ್ಡಿನ ಹಿಂದೆ ‘ನಮ್ಮ ನಡುವಿನ ಆಫ್ರಿಕನ್ನರು’ ಎಂದಿದೆ. ಅಳಿಸಿ. ಪೋರ್ಚುಗೀಸರ ಕಾಲದ ಗುಲಾಮರ ವ್ಯಾಪಾರದಲ್ಲಿ ಗೋವೆಯ ದಾರಿಯಾಗಿ ಬಂದವರ ಪೀಳಿಗೆಯೂ ಅವರಲ್ಲಿದೆ, ನಿಜ. ಆದರೆ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ತಲೆತಲಾಂತರದಿಂದ ಬಾಳಿದವರು ಈ ನೆಲದವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಪೆನ್ ಡ್ರೈವ್‌ನ ಆಡಿಯೋ ಸ್ಪಷ್ಟವಾಗಿದೆ, ಕರೆಂಟು ಇದ್ದರೆ ಬಳಸಿ.

ಕೈಪಿಡಿ ಎಂಟು ಪಿರಿಯಡ್ ಸಾಕು ಎನ್ನುತ್ತದೆ. ನಲವತ್ತು ನಿಮಿಷದ ಪಿರಿಯಡ್ ಲೆಕ್ಕದಲ್ಲಿ ಹನ್ನೊಂದು ಹಿಡಿಯಿರಿ, ಕೊಳಗಕ್ಕೆ ಎರಡು ಪಿರಿಯಡ್ ಒಟ್ಟಿಗೆ ಬೇಕು. ಹೆಡ್‌ಮಾಸ್ಟರ್ ಹತ್ತಿರ ಮೊದಲೇ ಮಾತಾಡಿ, ಬತ್ತದ ಚೀಲ ನೋಡಿ ಬಿಸಿಯೂಟದ ಸಾಮಾನು ಎಂದುಕೊಳ್ಳುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ತರಿಸಬೇಡಿ. ಮಳೆ ರಜೆಯಲ್ಲಿ ಬಾಡಿಗೆಯ ದಿನಗಳು ಹೋಗುತ್ತವೆ, ಕಾರ್ಡಿನ ಲ್ಯಾಮಿನೇಷನ್ ಅಂಚು ಬಿಟ್ಟು ಒಳಗೆ ಬೂಷ್ಟು ಹಿಡಿಯುತ್ತದೆ. ಅಂಥ ಕಾರ್ಡು ಮೊದಲೇ ಬಂದಿದ್ದರೆ ಪಾರ್ಸೆಲ್ ಬಿಚ್ಚುವಾಗಲೇ ಫೋಟೋ ತೆಗೆದು ಕಳಿಸಿ, ಇಲ್ಲದಿದ್ದರೆ ಠೇವಣಿಯ ಲೆಕ್ಕದಲ್ಲಿ ನಿಮ್ಮ ತಲೆಗೆ ಬರುತ್ತದೆ. ದಸರಾ ರಜೆ ಮುಗಿದ ಮೇಲೆ ನವೆಂಬರ್, ಡಿಸೆಂಬರ್ ಸರಿಯಾದ ಕಾಲ: ಗದ್ದೆ ಕೊಯ್ಲಿನ ಹೊತ್ತು, ಬತ್ತ ಸುಲಭವಾಗಿ ಸಿಗುತ್ತದೆ, ಈಸೂರಿನ ಸ್ಮಾರಕಕ್ಕೆ ಒಂದು ದಿನ ಹೋಗಿಬರಲು ದಾರಿಯೂ ಒಣಗಿರುತ್ತದೆ. ವಾಪಸು ಕಳಿಸುವಾಗ ಕೊಳಗ ಎರಡನ್ನೂ ಒಣಬಟ್ಟೆಯಲ್ಲಿ ಒರೆಸಿ, ಒಂದರೊಳಗೊಂದು ಇಡದೆ ಬೇರೆ ಬೇರೆ ಸುತ್ತಿಡಿ. ವ್ಯಾಸದ ವ್ಯತ್ಯಾಸ ಬಹಳ ಕಡಿಮೆ, ಸಿಕ್ಕಿಕೊಂಡರೆ ಬಡಿದು ಬಿಡಿಸಬೇಕಾಗುತ್ತದೆ, ಆಮೇಲೆ ಅಳತೆ ಕೆಡುತ್ತದೆ.